ಗ್ಯಾಲರಿಯಿಂದ ಕೇಳಿದ ಎಣಿಕೆ

ನಾನು ಥಿಯೇಟರಿನಲ್ಲಿ ಕೆಲಸಕ್ಕೆ ಸೇರಿದೆ ಎಂದು ಮನೆಯಲ್ಲಿ ಹೇಳಿದ ದಿನ ನಮ್ಮಪ್ಪ ಮುದ್ದೆ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದ. "ನರ್ಸ್ ಓದ್ಸಿದ್ದು ಟಿಕೆಟ್ ಹರಿಯಕ್ಕೇನೇ?" ಎಂದ. ಬಿಳೇಕಹಳ್ಳಿಯಲ್ಲಿ ಆಗಿನ್ನೂ ನಮಗೆ ರಾಗಿ ಹೊಲವಿತ್ತು. ಥಿಯೇಟರ್ ಎಂದರೆ ಅಪ್ಪನಿಗೆ ವರ್ಷಕ್ಕೊಮ್ಮೆ ಹೋಗಿ ಸಿನಿಮಾ ನೋಡಿ ಬರುವ ಜಾಗ, ಅಷ್ಟೇ. ಆಪರೇಷನ್ ಮಾಡುವ ಕೋಣೆಗೂ ಅದೇ ಹೆಸರು ಎಂದು ತಿಳಿಸಿ ಹೇಳಲು ಒಂದು ವಾರ ಹಿಡಿಯಿತು. ಆಮೇಲೂ ಅವನ ಅನುಮಾನ ಹೋಗಲಿಲ್ಲ. "ಕುಯ್ಯೋ ಜಾಗಕ್ಕೆ ಅಂಥ ಹೆಸ್ರು ಯಾಕಿಟ್ರು? ಅಲ್ಲಿ ನೋಡೋರು ಯಾರು?" ಎಂದು ಆಗಾಗ ಕೇಳುತ್ತಿದ್ದ. ಆ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಬಹಳ ತಡವಾಗಿ.

ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಕೂದಲು ಬೆಳ್ಳಗಾಗುವವರೆಗೆ ಥಿಯೇಟರ್ ನರ್ಸ್ ಆಗಿದ್ದೆ. ಆ ಕಟ್ಟಡ ಈಗಿಲ್ಲ. ಅಲ್ಲೀಗ ಸೋಫಾ ಮಾರುತ್ತಾರೆ. ನಮ್ಮ ಬೀದಿಯಲ್ಲಿ ನರ್ಸಿಂಗ್ ಮುಗಿಸಿದ ಹುಡುಗಿಯರು ಬಂದು, "ಆಂಟಿ, ಓ.ಟಿ.ಗೆ ಹಾಕಿದಾರೆ, ಏನು ಓದ್ಕೊಂಡು ಹೋಗ್ಲಿ?" ಎಂದು ಕೇಳುತ್ತಾರೆ. ಓದುವುದು ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದನ್ನು ಅವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲು ಇವನ್ನೆಲ್ಲ ಬಿಟ್ಟುಬಿಡುತ್ತೇನೆ. ಶಾಲು ಬೀರುವಿನಲ್ಲಿದೆ, ನುಸಿಗುಳಿಗೆ ಹಾಕಿಟ್ಟಿದ್ದೇನೆ.

ಈಗಿನವರು ಓ.ಟಿ. ಅನ್ನುತ್ತಾರೆ. ನಮಗೆ ಅದು ಥಿಯೇಟರ್. ಥಿಯೇಟರ್ ಚಪ್ಪಲಿ ಬೇರೆ, ಹೊರಗಿನ ಚಪ್ಪಲಿ ಬೇರೆ. "ಥಿಯೇಟರ್ ಆಯ್ತಾ?" ಎಂದರೆ ಆಪರೇಷನ್ ಮುಗಿಯಿತೇ ಎಂದು ಅರ್ಥ. "ಅವರನ್ನ ಥಿಯೇಟರ್‌ಗೆ ತಗೊಂಡ್ರು" ಎಂದು ಹೇಳಿದ ಕೂಡಲೇ ಹೊರಗೆ ಕೂತ ಮನೆಯವರ ಮುಖ ಬಿಳಿಚಿಕೊಳ್ಳುತ್ತಿತ್ತು. ಇನ್ನು ನನ್ನನ್ನು ದಿನಾ ಬಿಡುತ್ತಿದ್ದ ಆಟೋದವನಿಗೆ ನಾನು ಥಿಯೇಟರ್ ಎಂದು ಬಾಯ್ತಪ್ಪಿ ಹೇಳಿದಾಗ, ಅವನು "ಯಾವ ಪಿಕ್ಚರ್ ಅಕ್ಕ? ಸಖತ್ತಾಗಿದ್ಯಾ?" ಎಂದಿದ್ದ. ನಮ್ಮಲ್ಲಿ ಥಿಯೇಟರ್ ಮುಖ ಅಂತಲೂ ಒಂದಿತ್ತು. ಒಳಗೆ ಏನೇ ಆಗಿರಲಿ, ಬಾಗಿಲು ದಾಟಿ ಹೊರಗೆ ಬರುವಾಗ ನರ್ಸ್ ಮುಖದಲ್ಲಿ ಏನೂ ಕಾಣಬಾರದು. ಅದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ಕಲಿತ ಮೇಲೆ ಬಿಡಿಸಿಕೊಳ್ಳಲು ಆಗಲೇ ಇಲ್ಲ.

ಅಪ್ಪನ ಪ್ರಶ್ನೆಯನ್ನು ನಾನು ಒಂದು ದಿನ ನಮ್ಮ ಸರ್ಜನ್‌ಗೇ ಕೇಳಿದೆ. ಅವರನ್ನು ನಾವೆಲ್ಲ ದೊಡ್ಡ ಡಾಕ್ಟರು ಅನ್ನುತ್ತಿದ್ದೆವು. ಸಿಡುಕಿನ ಮನುಷ್ಯ, ಆದರೆ ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದರು. ಹಿಂದೆ ಪರದೇಶಗಳಲ್ಲಿ ಆಪರೇಷನ್ ಮೇಜಿನ ಸುತ್ತ ನಾಟಕಶಾಲೆಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಆಸನ ಇರುತ್ತಿತ್ತಂತೆ, ವಿದ್ಯಾರ್ಥಿಗಳು ಕೂತು ನೋಡಿ ಕಲಿಯುತ್ತಿದ್ದರಂತೆ. "ನೋಡೋರು ಹೋದ್ರು, ಹೆಸರು ಉಳೀತು" ಎಂದರು. ನಮ್ಮಲ್ಲೂ ಆ ಹಳೆಯ ಕಾಲದ ಒಂದು ಗುರುತು ಇತ್ತು. ಥಿಯೇಟರಿನ ಗೋಡೆಯ ಮೇಲ್ಭಾಗದಲ್ಲಿ ಒಂದು ಉದ್ದನೆಯ ಗಾಜು, ಅದರ ಹಿಂದೆ ಒಂದು ಚಿಕ್ಕ ಕೋಣೆ, ಆ ಕೋಣೆಯಲ್ಲಿ ಮೂರು ಮರದ ಮೆಟ್ಟಿಲು. ನರ್ಸಿಂಗ್ ಹೋಮಿನವರು ಒಂದಷ್ಟು ಕಾಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿದ್ದಾಗ ಮಾಡಿಸಿದ್ದು. ಒಳಗಿನ ಮಾತು ಕೇಳಲಿ ಎಂದು ಗಾಜಿನ ಕೆಳಗೆ ಒಂದು ಸಾಲು ತೂತು ಬೇರೆ ಕೊರೆಸಿದ್ದರು. ವಿದ್ಯಾರ್ಥಿಗಳು ಬರುವುದು ನಿಂತ ಮೇಲೂ ಅದಕ್ಕೆ ಗ್ಯಾಲರಿ ಎಂಬ ಹೆಸರೇ ಉಳಿದಿತ್ತು.

ನನಗೆ ಕೆಲಸ ಕಲಿಸಿದವರು ಕಮಲಮ್ಮ ಸಿಸ್ಟರ್, ಥಿಯೇಟರಿನ ಹಿರಿಯ ನರ್ಸ್. ಸಾರಕ್ಕಿಯವರು. ಅವರ ಮನೆಯಲ್ಲೂ ಹೊಲ, ರಾಗಿ, ಕಣ ಎಲ್ಲ ಇದ್ದವು. ಗಂಡ ಬೇಗ ತೀರಿಹೋಗಿದ್ದರು, ಮಕ್ಕಳಿರಲಿಲ್ಲ, ತಮ್ಮನ ಮನೆಯಲ್ಲಿದ್ದರು. ಇಡೀ ನರ್ಸಿಂಗ್ ಹೋಮಿನಲ್ಲಿ ನನ್ನನ್ನು ನಾಗು ಎಂದು ಕರೆದವರು ಅವರೊಬ್ಬರೇ. ಉಳಿದವರಿಗೆ ನಾನು ನಾಗರತ್ನ ಸಿಸ್ಟರ್. ಅವರು ಬೈದರೆ ಒಂದು ವಾರ ಊಟ ಸೇರುತ್ತಿರಲಿಲ್ಲ, ಹೊಗಳಿದರೆ ಒಂದು ತಿಂಗಳು ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಥಿಯೇಟರಿನಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಎಣಿಕೆ. ರಕ್ತ ಹೀರಲು ಹೊಟ್ಟೆಯೊಳಗೆ ಇಡುವ ಬಟ್ಟೆಗೆ ನಾವು ಮಾಪು ಅನ್ನುತ್ತೇವೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಮೂಲೆಯಲ್ಲಿ ಒಂದು ಬಾಲ. ರಕ್ತದಲ್ಲಿ ನೆನೆದರೆ ಯಾವುದು ಬಟ್ಟೆ ಯಾವುದು ಕರುಳು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಆದ್ದರಿಂದ ಹೊಟ್ಟೆ ತೆರೆಯುವ ಮೊದಲು ಎಣಿಸಬೇಕು, ಮುಚ್ಚುವ ಮೊದಲು ಎಣಿಸಬೇಕು, ಇಬ್ಬರು ಎಣಿಸಬೇಕು, ಬಾಯಿಬಿಟ್ಟು ಎಣಿಸಬೇಕು. ಆಗ ಮಾಪುಗಳನ್ನು ನಾವೇ ಹೊಲಿದು, ಐದೈದರ ಕಟ್ಟು ಕಟ್ಟಿ, ಡ್ರಮ್ಮಿಗೆ ತುಂಬಿ ಹಬೆಯಲ್ಲಿ ಬೇಯಿಸುತ್ತಿದ್ದೆವು. ಕಮಲಮ್ಮ ತಾವು ಹೊಲಿದ ಮಾಪಿನ ಮೂಲೆಗೆ ಒಂದು ಕೆಂಪು ನೂಲಿನ ಹೊಲಿಗೆ ಹಾಕುತ್ತಿದ್ದರು.

ಅವರ ಎಣಿಕೆ ಬೇರೆ ಥರ. ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಕಮಲಮ್ಮ ಮಾಪುಗಳನ್ನೂ ಹಾಗೇ ಎಣಿಸುತ್ತಿದ್ದರು. "ಲಾಭ… ಎರಡು… ಮೂರು…" ಎಂದು ನಿಧಾನವಾಗಿ, ರಾಗ ಎಳೆದು. ದೊಡ್ಡ ಡಾಕ್ಟರು ಮೊದಮೊದಲು ನಗುತ್ತಿದ್ದರು. ಆಮೇಲೆ ಆ ಲಾಭ ಕೇಳದೆ ಕತ್ತರಿ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ.

"ನಾಗು, ಗಂಟು ಯಾರೇ ಕಟ್ಟಿರ್ಲಿ, ಬಿಚ್ಚಿ ಒಂದೊಂದೇ ಬಿಡಿಸಿ ಎಣಿಸು" ಎನ್ನುತ್ತಿದ್ದರು.

"ನೀವೇ ಕಟ್ಟಿರೋದಲ್ವಾ ಸಿಸ್ಟರ್?"

"ನಾನೇನು ದೇವ್ರೇನೇ? ನಂದೂ ಬಿಚ್ಚು."

ಕಳೆದುಹೋದ ವಸ್ತುವಿನ ಭಯ ನಮಗೆ ಎಷ್ಟಿತ್ತು ಎಂದರೆ, ಒಮ್ಮೆ ಆಪರೇಷನ್ ನಡುವೆ ರೋಗಿಯ ಕಟ್ಟಿಸಿದ ಹಲ್ಲು ಕಾಣುತ್ತಿಲ್ಲ ಎಂದು ಗುಲ್ಲೆದ್ದಿತು. ನುಂಗಿದರೋ, ಉಸಿರಿನ ನಾಳಕ್ಕೆ ಹೋಯಿತೋ ಎಂದು ನಾವು ನೆಲದ ಮೇಲೆ ಮಂಡಿಯೂರಿ ಬಕೆಟ್ಟು, ಕಸದ ಬುಟ್ಟಿ ಎಲ್ಲ ಕೆದಕಿದೆವು. ಕೊನೆಗೆ ಹೊರಗೆ ಕೂತಿದ್ದ ಅವರ ಹೆಂಡತಿ ಟಿಫಿನ್ ಡಬ್ಬಿ ತೆರೆದು, "ಇದಾ? ನಾನೇ ತೆಗೆದಿಟ್ಕೊಂಡೆ, ಕಳೆದ್ಹೋಗತ್ತೆ ಅಂತ" ಎಂದರು. ದೊಡ್ಡ ಡಾಕ್ಟರು ಆ ಡಬ್ಬಿಯನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಗು ಬರುವ ನೆನಪುಗಳಲ್ಲಿ ನನ್ನ ಬಳಿ ಇರುವುದು ಇದೊಂದೇ ಎಂದು ಬರೆಯುವಾಗ ಅರಿವಾಗುತ್ತಿದೆ.

ಕಮಲಮ್ಮ ನಿವೃತ್ತರಾದ ಮೇಲೂ ಬರುವುದು ಬಿಡಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಸ್ಸಿಳಿದು ಬಂದು, ಗ್ಯಾಲರಿಯ ಮೂರನೇ ಮೆಟ್ಟಿಲ ಮೇಲೆ ಕೂತು ಮಾಪು ಹೊಲಿಯುತ್ತ, ಕಟ್ಟುತ್ತ, ಗಾಜಿನ ಮೂಲಕ ನಮ್ಮನ್ನು ನೋಡುತ್ತಿದ್ದರು. ದೊಡ್ಡ ಡಾಕ್ಟರು ಒಪ್ಪಿದ್ದರು. ಕೆಲಸದ ನಡುವೆ ತಲೆಯೆತ್ತಿದರೆ ಆ ಬಿಳಿ ಸೀರೆ ಕಾಣುತ್ತಿತ್ತು, ಮನಸ್ಸಿಗೆ ಧೈರ್ಯ ಬರುತ್ತಿತ್ತು. ಅವರು ಕೂತಾಗ ಆ ಮೆಟ್ಟಿಲು ಒಂದು ಸಲ ಕಿರ್ ಎನ್ನುತ್ತಿತ್ತು, ಎದ್ದಾಗ ಇನ್ನೊಂದು ಸಲ.

ಕೊನೆಕೊನೆಗೆ ಅವರಿಗೆ ಮರೆವು ಶುರುವಾಯಿತು. ಒಂದು ದಿನ ನಾನು ಕಾಫಿ ತೆಗೆದುಕೊಂಡು ಹೋದಾಗ, "ಕಣದಲ್ಲಿ ರಾಗಿ ತೂರಿದ್ರಾ? ಮೋಡ ಆಗ್ತಿದೆ ಕಣೇ" ಎಂದರು. ಅವರ ಹೊಲ ಫ್ಲ್ಯಾಟುಗಳಾಗಿ ಎಷ್ಟೋ ಕಾಲವಾಗಿತ್ತು. ನಾನು "ತೂರಿದ್ರು ಸಿಸ್ಟರ್" ಎಂದೆ. ಕೈ ಮಾತ್ರ ಮಾಪು ಮಡಿಸುತ್ತಲೇ ಇತ್ತು. ಆ ಕೈಯನ್ನು ನಾನು ಅನುಮಾನಿಸಲಿಲ್ಲ. ಅದಾದ ಒಂದು ತಿಂಗಳಿಗೆ ಅವರು ತೀರಿಕೊಂಡರು. ಅವರು ಕಟ್ಟಿಟ್ಟ ಮಾಪಿನ ಎರಡು ಡ್ರಮ್ಮು ಉಳಿದವು. ಗ್ಯಾಲರಿಗೆ ಬೀಗ ಹಾಕಿ ಕೀಲಿಯನ್ನು ನನ್ನ ಸೊಂಟದ ಗೊಂಚಲಿಗೆ ಸೇರಿಸಿಕೊಂಡೆ.

ಬೀಗ ಹಾಕಿದ ಮೇಲೂ ಬೆಳಿಗ್ಗೆ ಹತ್ತರ ಸುಮಾರಿಗೆ ಮೆಟ್ಟಿಲು ಕಿರ್ ಎನ್ನುತ್ತಿತ್ತು. ಮರ ಒಣಗುತ್ತಿದೆ ಎಂದುಕೊಂಡೆ. ಎದ್ದ ಸದ್ದು ಕೇಳುತ್ತಿರಲಿಲ್ಲ, ಕೂತ ಸದ್ದು ಮಾತ್ರ.

ಇಷ್ಟು ಹೇಳಿ ವಸಂತಾ ಮೇಡಂ ವಿಷಯಕ್ಕೆ ಬರುತ್ತೇನೆ. ಪದ್ಮನಾಭನಗರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದ ಹೆಂಗಸು, ನಲವತ್ತರ ಆಸುಪಾಸು. ಗರ್ಭಕೋಶ ತೆಗೆಯುವ ಆಪರೇಷನ್. ಟ್ರಾಲಿಯ ಮೇಲೆ ಮಲಗಿದ್ದವರು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

"ಸಿಸ್ಟರ್, ನೀವು ಒಳಗಿರ್ತೀರಲ್ವಾ?"

"ಇರ್ತೀನಮ್ಮ."

"ಎಲ್ಲಾ ಸರಿಯಾಗಿ ನೋಡ್ಕೊಳ್ತೀರಲ್ವಾ? ನನಗೆ ಪ್ರಜ್ಞೆ ಇರಲ್ಲ. ನೋಡೋರು ನೀವೇ."

"ನೋಡ್ಕೊಳ್ತೀನಿ, ಹೆದರ್ಕೋಬೇಡಿ" ಎಂದೆ. ಮನಃಪೂರ್ವಕವಾಗಿಯೇ ಹೇಳಿದೆ.

ಆ ದಿನ ಕಮಲಮ್ಮನ ಮೊದಲ ಡ್ರಮ್ಮಿನಲ್ಲಿ ಮೂರೇ ಕಟ್ಟು ಉಳಿದಿದ್ದವು. ನಾಲ್ಕನೆಯದಕ್ಕೆ ಎರಡನೇ ಡ್ರಮ್ಮು ತೆರೆದೆ. ನೂಲು ಬಿಚ್ಚಿದೆ, ಆದರೆ ಮಾಪುಗಳನ್ನು ಬಿಡಿಸಿ ಎಣಿಸಲಿಲ್ಲ. ಅವರು ಹೋದ ಮೇಲೆ ಅವರ ಕಟ್ಟುಗಳನ್ನು ನಾನು ಯಾವತ್ತೂ ಎಣಿಸಿರಲಿಲ್ಲ. ಸತ್ತವರ ಕೈಕೆಲಸವನ್ನು ಪರೀಕ್ಷೆ ಮಾಡಿದ ಹಾಗಾಗುತ್ತದೆ ಎಂದು ಮನಸ್ಸು ಒಪ್ಪುತ್ತಿರಲಿಲ್ಲ. ಅವರೇ ಕಲಿಸಿದ್ದನ್ನು ಅವರ ಮೇಲಿನ ಪ್ರೀತಿಯಿಂದಲೇ ಮುರಿದೆ. "ಐದೈದು ನಾಲ್ಕು, ಇಪ್ಪತ್ತು" ಎಂದೆ. ನನ್ನ ಜೊತೆಗಿದ್ದ ನರ್ಸ್ ಶೋಭಾ ಹಲಗೆಯ ಮೇಲೆ ಇಪ್ಪತ್ತು ಎಂದು ಬರೆದಳು.

ಆಪರೇಷನ್ ಚೆನ್ನಾಗಿಯೇ ನಡೆಯಿತು. ಮುಚ್ಚುವ ಹೊತ್ತಿಗೆ ಶೋಭಾ ನೆಂದ ಮಾಪುಗಳನ್ನು ಸ್ಟ್ಯಾಂಡಿನ ಮೇಲೆ ಐದೈದಾಗಿ ತೂಗುಹಾಕಿ, "ಇಪ್ಪತ್ತು ಇದೆ ಸಿಸ್ಟರ್" ಎಂದಳು. ನಾನೂ ಎಣಿಸಿದೆ. ಇಪ್ಪತ್ತು. ದೊಡ್ಡ ಡಾಕ್ಟರು ಸೂಜಿ ಹಿಡಿದು ಕೈ ಚಾಚಿ, "ಕೌಂಟ್?" ಎಂದರು.

ಆಗ ಗ್ಯಾಲರಿಯ ತೂತುಗಳಿಂದ ದನಿ ಬಂತು. "ಲಾಭ…"

ತಲೆಯೆತ್ತಿ ನೋಡಿದೆ. ಗಾಜಿನ ಹಿಂದೆ ಯಾರೂ ಇರಲಿಲ್ಲ. ಮೂರನೇ ಮೆಟ್ಟಿಲ ಮೇಲೆ ಕೂತವರ ಬಾಯಿ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟು ಎತ್ತರದಲ್ಲಿ ಗಾಜಿನ ಮೇಲೆ ಅಂಗೈಯಗಲ ಹಬೆ ಕಟ್ಟಿತ್ತು. ನೋಡನೋಡುತ್ತಿದ್ದಂತೆ ಆರಿತು, ಮತ್ತೆ ಕಟ್ಟಿತು. ಕೀಲಿ ನನ್ನ ಸೊಂಟದಲ್ಲೇ ಇತ್ತು. ಗೌನಿನೊಳಗೆ ಅದರ ತಣ್ಣನೆಯ ತೂಕ ತಿಳಿಯುತ್ತಿತ್ತು. ಶೋಭಾ ಹಲಗೆ ನೋಡುತ್ತಿದ್ದಳು, ಅವಳಿಗೆ ಏನೂ ಕೇಳಿದಂತಿರಲಿಲ್ಲ.

"…ಒಂದು… ಎರಡು…"

ನನಗೆ ಮೈ ಜುಂ ಎಂದಿತು, ನಿಜ. ಆದರೆ ಮರುಕ್ಷಣವೇ ಒಂದು ಸಮಾಧಾನ ಸಿಕ್ಕಿತು. ಕಮಲಮ್ಮ ಲಾಭ ಎಂದ ಮೇಲೆ ಎರಡು ಎನ್ನುತ್ತಿದ್ದರೇ ಹೊರತು ಯಾವತ್ತೂ ಒಂದು ಎಂದವರಲ್ಲ. ಹಾಗಾದರೆ ಇದು ಅವರಲ್ಲ, ನನ್ನ ಕಿವಿಯ ಭ್ರಮೆ ಎಂದು ಲೆಕ್ಕ ಹಾಕಿದೆ.

"ನಾಗರತ್ನಾ, ನಿದ್ದೆನಾ? ಕೌಂಟ್ ಹೇಳ್ರೀ!" ಎಂದರು ದೊಡ್ಡ ಡಾಕ್ಟರು.

ಗಾಜಿನ ಕಡೆಗೆ ಬೆನ್ನು ತಿರುಗಿಸಿದೆ. "ಕೌಂಟ್ ಕರೆಕ್ಟ್ ಸಾರ್" ಎಂದೆ. ಅವರಿಗೆ ಸಾಲದೇನೋ ಎಂಬಂತೆ ಇನ್ನೊಂದು ಸಲ, ಜೋರಾಗಿ ಎಂದೆ. ಅವರು ಹೊಲಿಗೆ ಹಾಕಿದರು.

ಆ ಮಧ್ಯಾಹ್ನವೇ ಎರಡನೇ ಡ್ರಮ್ಮನ್ನು ಎತ್ತಿಕೊಂಡು ಹೋಗಿ ಗ್ಯಾಲರಿಯಲ್ಲಿಟ್ಟು ಬೀಗ ಹಾಕಿದೆ. ಕಮಲಮ್ಮನ ನೆನಪಿಗೆ ಇರಲಿ ಎಂದು ಶೋಭಾಗೆ ಹೇಳಿದೆ, ನನಗೂ ಹಾಗೇ ಹೇಳಿಕೊಂಡೆ. ನಿಜವಾಗಿ ಯಾಕೆ ಇಟ್ಟೆ ಎಂದು ಇವತ್ತು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಕಾಗುತ್ತದೆ.

ಮೂರು ತಿಂಗಳಿಗೆ ವಸಂತಾ ಮೇಡಂ ಮತ್ತೆ ಬಂದರು. ಸೊರಗಿ ಹೋಗಿದ್ದರು, ಜ್ವರವಿತ್ತು, ಹೊಟ್ಟೆ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಮತ್ತೆ ತೆರೆದಾಗ ಕರುಳಿನ ನಡುವೆ ಅದು ಸಿಕ್ಕಿತು. ತೆಗೆದು ನನ್ನ ತಟ್ಟೆಗೆ ಹಾಕಿದರು. ಬಣ್ಣ ಗುರುತು ಸಿಗದಂತಾಗಿತ್ತು, ಮೂಲೆಯ ಕೆಂಪು ನೂಲು ಮಾತ್ರ ಉಳಿದಿತ್ತು. ಕರುಳಿನ ಒಂದು ಭಾಗವನ್ನು ಕತ್ತರಿಸಿ ತೆಗೆಯಬೇಕಾಯಿತು.

ದೊಡ್ಡ ಡಾಕ್ಟರು ನನ್ನನ್ನು ಕೋಣೆಗೆ ಕರೆದರು. "ಇದು ಈ ಗೋಡೆ ಬಿಟ್ಟು ಹೋಗಬಾರದು. ಕೀವಿನ ಗಡ್ಡೆ ಅಂತ ಹೇಳಿ. ನಿಮ್ಮೊಬ್ಬರ ತಪ್ಪಲ್ಲ, ನಂದೂ ಇದೆ" ಎಂದರು. ನಾನು ಥಿಯೇಟರ್ ಮುಖ ಹಾಕಿಕೊಂಡು ವಾರ್ಡಿಗೆ ಹೋದೆ. "ಕೀವಿನ ಗಡ್ಡೆ ಇತ್ತಮ್ಮ, ತೆಗೆದ್ರು" ಎಂದೆ. ವಸಂತಾ ಮೇಡಂ ನನ್ನನ್ನು ತುಂಬ ಹೊತ್ತು ನೋಡಿದರು. ಏನೋ ಕೇಳುವವರಂತೆ ಬಾಯಿ ತೆರೆದು, ಕೇಳದೆ ಗೋಡೆ ಕಡೆ ತಿರುಗಿಕೊಂಡರು.

ಅಲ್ಲಿಂದ ನೆಟ್ಟಗೆ ಗ್ಯಾಲರಿಗೆ ಹೋಗಿ ಡ್ರಮ್ಮು ತೆರೆದೆ. ಒಂದು ಕಟ್ಟು ಬಿಚ್ಚಿ ಬಿಡಿಸಿ ಎಣಿಸಿದೆ. ಆರು. ಇನ್ನೊಂದು ಬಿಚ್ಚಿದೆ. ಆರು. ಆ ಡ್ರಮ್ಮಿನಲ್ಲಿದ್ದ ಪ್ರತಿ ಕಟ್ಟಿನಲ್ಲೂ ಆರಾರು ಮಾಪು. ಮರೆವಿನಲ್ಲಿ ಕಣಕ್ಕೆ ಹೋಗಿಬಿಟ್ಟಿದ್ದ ಮುದುಕಿ ಲಾಭಕ್ಕೆ ಒಂದನ್ನು ಇಟ್ಟು, ಆಮೇಲೆ ಒಂದರಿಂದ ಶುರುಮಾಡಿ ಐದರವರೆಗೆ ಎಣಿಸಿ ಗಂಟು ಹಾಕಿದ್ದರು. ಅಂದು ಥಿಯೇಟರಿಗೆ ಹೋದದ್ದು ಇಪ್ಪತ್ತೊಂದು. ಹೊರಗೆ ಬಂದದ್ದು ಇಪ್ಪತ್ತು. ಗಾಜಿನ ಹಿಂದಿನಿಂದ ಬಂದ ದನಿ ತಪ್ಪಾಗಿ ಎಣಿಸಲಿಲ್ಲ. ತಾನು ಹೇಗೆ ತಪ್ಪಿದೆನೆಂದು ನನಗೆ ಎಣಿಸಿ ತೋರಿಸುತ್ತಿತ್ತು. ನಾನು ಆ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಎದ್ದಾಗ ಮೆಟ್ಟಿಲು ಎರಡು ಸಲ ಕಿರ್ ಎಂದಿತು. ಆ ದಿನದ ನಂತರ ಅಲ್ಲಿಂದ ಯಾವ ಸದ್ದೂ ಬರಲಿಲ್ಲ.

ಆಮೇಲೆ ಎಲ್ಲ ಬದಲಾಯಿತು. ಕಾರ್ಖಾನೆಯ ಪ್ಯಾಕೆಟ್ಟು ಬಂತು. ಎಕ್ಸ್‌ರೇಯಲ್ಲಿ ಕಾಣುವ ಎಳೆ ಇರುವ ಮಾಪು ಬಂತು. ಚರ್ಮಕ್ಕೆ ಕತ್ತಿ ತಾಗಿಸುವ ಮೊದಲು ಎಲ್ಲರೂ ನಿಂತು ಪಟ್ಟಿ ಓದುವ ಪದ್ಧತಿ ಬಂತು. ಒಳ್ಳೆಯದೇ ಆಯಿತು. ಆದರೆ ಹುಡುಗಿಯರೇ, ಪ್ಯಾಕೆಟ್ಟಿನ ಮೇಲೆ ಐದು ಎಂದು ಅಚ್ಚಾಗಿದ್ದರೂ ಬಿಡಿಸಿ ಎಣಿಸಿ. ಕಟ್ಟಿದವರು ಎಷ್ಟು ದೊಡ್ಡವರೇ ಆಗಿರಲಿ, ನಿಮಗೆ ಎಷ್ಟು ಬೇಕಾದವರೇ ಆಗಿರಲಿ, ಎಣಿಸಿ. ಮನಸ್ಸಿಗೆ ಏನೋ ಸರಿಯಿಲ್ಲ ಎನ್ನಿಸಿದರೆ ಸರ್ಜನ್ ಬೈದರೂ ನಿಲ್ಲಿಸಿ. ಬೈಗುಳ ಸಂಜೆಗೆ ಮರೆತುಹೋಗುತ್ತದೆ.

ದೊಡ್ಡ ಡಾಕ್ಟರು ತೀರಿಕೊಂಡರು. ನಾನು ನಿವೃತ್ತಳಾದೆ. ಕಟ್ಟಡ ಕೆಡವಿದರು. ಕೆಡವುವ ದಿನ ಹೋಗಿ ನೋಡಿದೆ. ಗ್ಯಾಲರಿಯ ಗಾಜು ಬೀದಿಬದಿಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಇನ್ನು ಆ ಆರರ ಕಟ್ಟಿನ ವಿಷಯ ತಿಳಿದವಳು ನಾನೊಬ್ಬಳೇ ಎಂದು ಹೊಳೆದಾಗ ಹಗುರಾಗಬೇಕಿತ್ತು, ಆಗಲಿಲ್ಲ. ಮನೆಯಲ್ಲಿ ಅಕ್ಕಿ ಅಳೆಯುವಾಗ ಬಾಯಿ ತಾನಾಗಿ ಲಾಭ ಎನ್ನುತ್ತಿತ್ತು, ಮುಂದಕ್ಕೆ ಏನು ಹೇಳಲೂ ಭಯವಾಗುತ್ತಿತ್ತು. ಈ ವರ್ಷ ಒಂದು ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಪದ್ಮನಾಭನಗರಕ್ಕೆ ಹೋದೆ.

ಟ್ಯೂಷನ್ನಿನ ಬೋರ್ಡು ಇನ್ನೂ ಇತ್ತು. ವಸಂತಾ ಮೇಡಂಗೆ ತಲೆ ಪೂರ್ತಿ ನರೆತಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ನೀರು ಕೊಟ್ಟು ಎದುರಿಗೆ ಕೂತರು. ನಾನು ಸುತ್ತುಬಳಸದೆ ಎಲ್ಲ ಹೇಳಿದೆ. ಕಟ್ಟು, ಆರನೆಯ ಮಾಪು, ಸುಳ್ಳು ಗಡ್ಡೆ, ಎಲ್ಲ. ದನಿಯ ವಿಷಯ ಮಾತ್ರ ಹೇಳಲಿಲ್ಲ. ತಪ್ಪಿಸಿಕೊಳ್ಳಲು ದೆವ್ವದ ಕಥೆ ಕಟ್ಟುತ್ತಿದ್ದಾಳೆ ಎಂದುಕೊಂಡಾರು ಎಂದು ನುಂಗಿಕೊಂಡೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. "ಗೊತ್ತಿತ್ತು ಸಿಸ್ಟರ್" ಎಂದರು. "ನೀವು ಬರ್ತೀರ ಅಂತ ಕಾಯ್ತಾನೇ ಇದ್ದೆ."

"ಹೇಗೆ ಗೊತ್ತಿತ್ತು?"

"ಮೊದಲ್ನೇ ಆಪರೇಷನ್ನಲ್ಲಿ ಕೊನೇಲಿ ನನಗೆ ಸ್ವಲ್ಪ ಎಚ್ಚರ ಆಗಿತ್ತು ಅನ್ಸತ್ತೆ. ಕಣ್ಣು ಬಿಡಕ್ಕಾಗ್ತಿರ್ಲಿಲ್ಲ, ಕೈ ಆಡ್ಸಕ್ಕಾಗ್ತಿರ್ಲಿಲ್ಲ. ಮೇಲಿಂದ ಯಾರೋ ವಯಸ್ಸಾದೋರು ಎಣಿಸ್ತಿದ್ರು. ಲಾಭ, ಒಂದು, ಎರಡು, ಮೂರು, ನಾಲ್ಕು, ಐದು. ಲೆಕ್ಕದ ಟೀಚರ್ ನಾನು. ಅದು ಆರಾಯ್ತಲ್ಲ ಅನ್ಕೊಂಡೆ. ಗಡ್ಡೆ ಅಂತ ನೀವು ಹೇಳ್ದಾಗ ಅದೇ ನೆನಪಾಯ್ತು. ಆದ್ರೆ ಯಾರ ಹತ್ರ ಹೇಳ್ಲಿ ಇದನ್ನ? ಯಾರು ನಂಬ್ತಾರೆ?"

ನಾನು ಲೋಟ ಹಿಡಿದೇ ಕೂತಿದ್ದೆ. ಅವರೇ ಅದನ್ನು ತೆಗೆದು ಕೆಳಗಿಟ್ಟರು.

"ಒಂದು ಕೇಳ್ಬೇಕಿತ್ತು ಸಿಸ್ಟರ್. ನಾಗು ಅಂದ್ರೆ ಯಾರು?"

"ನಾನೇ" ಎಂದೆ.

"ಐದು ಆದ್ಮೇಲೆ ಅವರು ನಿಮ್ಮನ್ನ ಕೂಗಿದ್ರು. 'ನಾಗು, ಒಳಗೊಂದಿದೆ, ಮುಚ್ಚಬೇಡಿ ಅನ್ನೇ' ಅಂತ. ಎರಡು ಸಲ ಕೂಗಿದ್ರು. ನಿಮಗೆ ಕೇಳಿಸ್ಲಿಲ್ವಾ?"

ಕೇಳಿಸಿರಲಿಲ್ಲ. ಎರಡು ಎನ್ನುವವರೆಗೆ ಮಾತ್ರ ನಾನು ಕೇಳಿದ್ದು. ಆಮೇಲೆ ಕಮಲಮ್ಮ ನನ್ನನ್ನು ಕೂಗುತ್ತಿದ್ದ ಹೊತ್ತಿಗೆ ನಾನು ಗಾಜಿಗೆ ಬೆನ್ನು ಹಾಕಿ, ಗಟ್ಟಿಯಾಗಿ, ಎರಡು ಸಲ, ಕೌಂಟ್ ಕರೆಕ್ಟ್ ಎನ್ನುತ್ತಿದ್ದೆ.